ಐಸ್ ಮ್ಯಾಲೆ ಕೂತ ಗಣಪತಿ

ಐಸ್ ಕರಗೋದ್ನ ನನ್ನಷ್ಟು ನೋಡಿರೋನು ಹಾಸನ ಜಿಲ್ಲೇಲಿ ಇನ್ನೊಬ್ಬ ಇರಾಕಿಲ್ಲ. ಆರು ವರ್ಷ ಹಾಸನದ ಒಂದು ಐಸ್ ಫ್ಯಾಕ್ಟ್ರೀಲಿ ಕೆಲ್ಸ ಮಾಡಿವ್ನಿ. ಉಪ್ಪುನೀರಿನ ತೊಟ್ಟಿಗೆ ನೀರು ತುಂಬ್ದ ತಗಡಿನ ಡಬ್ಬ ಇಳ್ಸೋದು, ಒಳಗಿನ ನೀರು ಗಟ್ಟಿ ಆದ್ಮೇಲೆ ಎತ್ತೋದು, ಗಡ್ಡೆ ಬುಡುಸ್ಕಂಡು ಭತ್ತದ ಹೊಟ್ಟು ಸುರ್ದು ಗೋಣಿಚೀಲ ಸುತ್ತಿ ಲಗೇಜ್ ಆಟೋಗೆ ಹಾಕೋದು. ಶಾಂತಿಗ್ರಾಮದ ಸೋಡಾ ಅಂಗ್ಡಿಗೆ, ಚನ್ನರಾಯಪಟ್ಟಣದ ಮೀನಿನ ಅಂಗ್ಡಿಗೆ, ಅರಕಲಗೂಡು ಕಡೆ ಮದ್ವೆ ಮನೆ ಜ್ಯೂಸಿಗೆ. ಒಂದ್ಸಲ ಮಲ್ಲಿಪಟ್ಟಣದ ಮದ್ವೆಗೆ ಐದು ಗಡ್ಡೆ ಹೇರ್ಕಂಡು ಹೊಂಟು, ದಾರೀಲಿ ಗಾಡಿ ಪಂಚರಾಗಿ, ಮೂರು ಇಳ್ಸಿದ್ದೆ. ಹೆಣ್ಣಿನ ಕಡೆಯವ್ರು ಇನ್ನೆರಡು ಎಲ್ಲಿ ಅಂದ್ರು. ರಸ್ತೇಲಿ ಐತೆ, ಓಗಿ ನೋಡ್ಕಳಿ ಅಂದೆ. ಹೊಡೆಯಕ್ಕೇ ಬಂದ್ಬುಟ್ರು.

ಈಗ ಪೇಪರ್ನಾಗೆ, ಟೀವೀಲಿ ಎಲ್ಲಾ ಉತ್ತರ ಧ್ರುವದ ಐಸ್ ಕರಗ್ತಾ ಐತೆ ಅಂತ ಬತ್ತದೆ. ಜನ ಬಾಯಿ ಬಿಟ್ಕಂಡು ನೋಡ್ತಾರೆ. ನಂಗೆ ಇದು ಹೊಸದಲ್ಲ. ಪೇಪರ್ನೋರಿಗಿಂತ ಮೊದ್ಲೇ ನಂಗೆ ಅದ್ನ ಹೇಳಿದ್ದು ನಮ್ಮ ಭೂಗೋಳದ ಮೇಷ್ಟ್ರು. ಅವ್ರು ಹೇಳಿದ್ನ ಹೊಳೆನರಸೀಪುರದಾಗೆ ಯಾರೂ ನಂಬ್ನಿಲ್ಲ. ಆಮೇಲೆ ಒಂದು ಗಣಪತಿ ಹಬ್ಬದಲ್ಲಿ ಏನಾಯ್ತು ಅಂತ ಬರೀತೀನಿ. ಯಾರೂ ಇದ್ನ ಸರಿಯಾಗಿ ಹೇಳಲ್ಲ. ಊರಲ್ಲಿ ಕೇಳಿದ್ರೆ ಬೇರೆ ಥರ ಹೇಳ್ತಾರೆ. ನಾನು ಅಲ್ಲೇ ಇದ್ದೆ.

ನಮ್ಮೂರು ಹಳೇಕೋಟೆ ಕಡೆ. ಹೈಸ್ಕೂಲಿಗೆ ಹೊಳೆನರಸೀಪುರಕ್ಕೆ ಬಸ್ಸಲ್ಲಿ ಓಗ್ತಿದ್ದೆ. ಎಂಟನೇ ಕ್ಲಾಸಲ್ಲಿ ಡುಮ್ಕಿ ಹೊಡ್ದೆ, ಅಲ್ಲಿಗೆ ಓದು ಮುಗೀತು. ಡುಮ್ಕಿ ಹೊಡ್ಸಿದ್ದೂ ಈ ಮೇಷ್ಟ್ರೇ. ಹೇಮಾವತಿ ಎಲ್ಲೈತೆ ತೋರ್ಸು ಅಂದ್ರು, ನಾನು ನಕ್ಷೆ ನೋಡ್ದೆ ಕಿಟಕಿ ಕಡೆ ಕೈ ತೋರ್ಸ್ದೆ. ತಪ್ಪೇನಿರ್ಲಿಲ್ಲ, ಹೊಳೆ ಆ ಕಡೇಗೇ ಇದ್ದಿದ್ದು. ಸೊನ್ನೆ ಹಾಕುದ್ರು.

ಮೇಷ್ಟ್ರು ದೇವಸ್ಥಾನದ ಬೀದಿಯೋರು. ಅವರ ತಾತ ಪೂಜೆ ಮಾಡೋರು, ಅಪ್ಪ ಪೂಜೆ ಮಾಡೋರು, ದೊಡ್ಡಪ್ಪನ ಮಕ್ಳು ಈಗ್ಲೂ ಪೂಜೆ ಮಾಡ್ತಾರೆ. ಇವರೊಬ್ರು ಮಾತ್ರ ಬಿಯೆಡ್ ಮಾಡ್ಕಂಡು ಗ್ಲೋಬ್ ಹಿಡ್ಕಂಡ್ರು. ಮನೇಲೊಂದು ರೇಡಿಯೋ, ಬಗಲಲ್ಲೊಂದು ಚೀಲ, ಬಾಯಲ್ಲಿ ಯಾವಾಗ್ಲೂ ಉತ್ತರ ಧ್ರುವ. ಅಲ್ಲಿ ಐಸ್ ಕಮ್ಮಿ ಆದ್ರೆ ಇಲ್ಲಿ ಮಳೆ ಕೆಡತ್ತೆ, ಗಾಳಿ ಕೆಡತ್ತೆ, ಸಮುದ್ರ ಏರತ್ತೆ ಅಂತ ಕಾಫಿ ಹೋಟ್ಲಲ್ಲಿ ಕೂತು ಹೇಳೋರು. ಜನ ಬಿಟ್ಟಾರಾ. ಮೇಷ್ಟ್ರೇ, ಸಮುದ್ರ ಎಲ್ಲಿಗಂಟ ಬಂತು, ಸಕಲೇಶಪುರ ದಾಟ್ತಾ, ನಾನು ಗದ್ದೆ ನಾಟಿ ಮಾಡ್ಲೋ ಬಲೆ ಹೆಣ್ಕಳ್ಳೋ ಅಂತ ಕೇಳೋರು. ಹೆಸರೇ ಧ್ರುವದ ಮೇಷ್ಟ್ರು ಅಂತ ಆಗೋಗಿತ್ತು. ಅವ್ರಿಗೂ ಗೊತ್ತಿತ್ತು. ಬೇಜಾರು ತೋರಿಸ್ತಿರ್ಲಿಲ್ಲ, ಕಾಫಿ ಕುಡುದು ಎದ್ದು ಓಗೋರು.

ನಂಗೂ ಅವ್ರಿಗೂ ದೋಸ್ತಿ ಆಗಿದ್ದು ಐಸಿಂದ. ಬಸ್ ಸ್ಟ್ಯಾಂಡ್ ಹತ್ರ ಜ್ಯೂಸ್ ಅಂಗ್ಡಿಗೆ ಗಡ್ಡೆ ಇಳುಸ್ತಿದ್ದಾಗ ಬಂದು ಪಕ್ಕದಲ್ಲಿ ನಿಂತ್ಕಂಡ್ರು. ಒಂದು ಗಡ್ಡೆ ಎಷ್ಟೊತ್ತು ಇರತ್ತೆ, ಯಾವ ಕಡೆ ಮೊದ್ಲು ಕರಗತ್ತೆ, ಹೊಟ್ಟು ಯಾಕೆ ಹಾಕ್ತೀರಿ, ಒಂದಾದ್ಮೇಲೊಂದು ಕೇಳುದ್ರು. ನಾನು ಹೇಳ್ದೆ. ಒಂದು ಕಡೆ ನೆನೆಯಕ್ಕೆ ಶುರು ಆಯ್ತು ಅಂದ್ರೆ ಅದು ಅಲ್ಲೇ ತಿಂತಾ ಓಗ್ತದೆ ಸಾ, ಕರೀ ಟಾರ್ಪಾಲ್ ಹೊಚ್ಚಿದ್ರೆ ಇನ್ನೂ ಬೇಗ, ಅದುಕ್ಕೇ ನಾವು ಕರೀದು ಹೊಚ್ಚಲ್ಲ ಅಂದೆ. ಮೇಷ್ಟ್ರು ಎಷ್ಟು ಖುಷಿಯಾದ್ರು ಅಂದ್ರೆ, ಎಂಟನೇ ಕ್ಲಾಸಲ್ಲಿ ಇದ್ರಲ್ಲಿ ಒಂದಾಣೆ ಭಾಗ ಖುಷಿ ಪಟ್ಟಿದ್ರೆ ನಾನು ಪಾಸಾಗ್ತಿದ್ದೆ. ಅಲ್ಲೂ ಅಂಗೇ ಕಣಯ್ಯಾ ಅಂದ್ರು. ಬಿಳೀ ಐಸು ಬಿಸ್ಲನ್ನ ವಾಪಸ್ ಎಸೀತದಂತೆ, ಐಸು ಓದ್ರೆ ಕೆಳಗಿರೋ ಕರೀ ಸಮುದ್ರ ಬಿಸ್ಲು ಕುಡೀತದಂತೆ, ಕುಡುದು ಇನ್ನಷ್ಟು ಐಸ್ ಕರಗ್ಸತದಂತೆ. ಇದು ನಮ್ಮ ಟಾರ್ಪಾಲ್ ಲೆಕ್ಕ. ಇದ್ರಲ್ಲಿ ನಂಬದೇ ಇರೋಕೆ ಏನೈತೆ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ.

ಇನ್ನೊಬ್ಬ ಇದ್ದ, ಯುವಕ ಸಂಘದ ಅಧ್ಯಕ್ಷ. ಸ್ಕೂಲಲ್ಲಿ ನನ್ನ ಪಕ್ಕದಲ್ಲೇ ಕೂರೋನು. ಅವ್ರ ಅಪ್ಪಂಗೆ ಜಮೀನು ಜಾಸ್ತಿ, ಇವ್ನಿಗೆ ಗೊಬ್ಬರದ ಅಂಗ್ಡಿ ಹಾಕ್ಕೊಟ್ಟಿದ್ರು. ಅಂಗ್ಡೀಲಿ ಕೂರೋದು ಕಮ್ಮಿ, ಬೈಕಲ್ಲಿ ಓಡಾಡೋದು ಜಾಸ್ತಿ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ಹಿಂದಿನ ಹಬ್ಬದಲ್ಲಿ ಪಕ್ಕದ ಬೀದಿಯೋರು ಮೋಟ್ರು ಹಾಕಿ ಜಲಪಾತ ಮಾಡಿ ಗಣಪತಿ ಕೂರ್ಸಿದ್ರು, ಜನ ಎಲ್ಲಾ ಅಲ್ಲೇ. ಇವ್ನ ಪೆಂಡಾಲಿಗೆ ನೊಣ ಬಂದಿದ್ದೇ ಜಾಸ್ತಿ. ಈ ಸಲ ಏನಾರ ಮಾಡ್ಬೇಕು ಅಂತ ಕುಣೀತಿದ್ದ.

ಮೇಷ್ಟ್ರು ಸುಮಾರು ವರ್ಷದಿಂದ ಸಂಘದೋರ ಹತ್ರ ಒಂದೇ ಕೇಳ್ತಿದ್ರು. ಪೆಂಡಾಲ್ ಒಳಗೆ ಒಂದು ಮೂಲೆ ಕೊಡಿ, ಉತ್ತರ ಧ್ರುವದ ಒಂದು ಮಾದರಿ ಇಡ್ತೀನಿ, ಹಬ್ಬಕ್ಕೆ ಬಂದೋರು ನೋಡ್ಲಿ ಅಂತ. ಯಾವ ಅಧ್ಯಕ್ಷನೂ ಕೊಟ್ಟಿರ್ಲಿಲ್ಲ. ಇವ್ನು ಕೇಳ್ದೋನೇ ಮೂಲೆ ಯಾಕೆ ಮೇಷ್ಟ್ರೇ, ಇಡೀ ಪೆಂಡಾಲೇ ತಗಳಿ ಅಂದ. ಮೇಷ್ಟ್ರ ಕಣ್ಣಲ್ಲಿ ನೀರು ಬರದೊಂದು ಬಾಕಿ.

ಮೇಷ್ಟ್ರ ಪ್ಲಾನ್ ಇಷ್ಟೇ. ಗಣಪತಿ ಯಾವತ್ತಿನಂಗೆ ಮೇಜಿನ ಮೇಲೆ. ಮುಂದೆ ನಾಲ್ಕು ಐಸ್ ಗಡ್ಡೆ, ಹತ್ತಿ, ಒಂದು ಬಿಳೀ ಕರಡಿ ಬೊಂಬೆ, ಒಂದು ಬೋರ್ಡು. ಬೋರ್ಡಲ್ಲಿ ‘ಉತ್ತರ ಧ್ರುವ ಕರಗುತ್ತಿದೆ’ ಅಂತ ಅವ್ರೇ ಬರ್ದಿದ್ರು, ಅಕ್ಷರ ಮುದ್ದಾಗಿತ್ತು. ಅಧ್ಯಕ್ಷನ ಪ್ಲಾನೇ ಬೇರೆ. ಗಣಪತಿನೇ ಐಸ್ ಬೆಟ್ಟದ ಮೇಲೆ ಕೂರ್ಬೇಕು. ಹದಿನಾರು ಗಡ್ಡೆ ಜೋಡ್ಸಿ, ಮೇಲೊಂದು ಹಲಗೆ, ಅದ್ರ ಮೇಲೆ ದೇವ್ರು. ಕೆಳಗೆ ಪೆಂಗ್ವಿನ್ನು. ಮೇಷ್ಟ್ರು ಪೆಂಗ್ವಿನ್ ಇರೋದು ದಕ್ಷಿಣ ಧ್ರುವದಲ್ಲಪ್ಪಾ ಅಂದ್ರು. ದಕ್ಷಿಣವೋ ಉತ್ತರವೋ, ಹಕ್ಕಿ ಚೆನ್ನಾಗೈತೆ ಅಂದ ಇವ್ನು. ದೇವ್ರನ್ನ ಐಸ್ ಮೇಲೆ ಕೂರ್ಸೋದು ಬೇಡ ಅಂತ ಮೇಷ್ಟ್ರು ಎರಡು ಸಲ ಹೇಳುದ್ರು. ಮೂರನೇ ಸಲ ಹೇಳಿದ್ರೆ ಪೆಂಡಾಲೇ ಕೈ ತಪ್ಪತದೆ ಅಂತ ಸುಮ್ನಾದ್ರು. ಅದೊಂದು ತಪ್ಪು ಅವ್ರುದ್ದು. ನಾನು ಅವ್ರ ಮುಖಕ್ಕೇ ಹೇಳಿವ್ನಿ.

ನಂದೂ ಒಂದು ತಪ್ಪು ಐತೆ. ಎಷ್ಟು ದಿನ ನಿಲ್ತದ್ಲಾ ಐಸು ಅಂತ ಅಧ್ಯಕ್ಷ ನನ್ನ ಕೇಳ್ದ. ಮೂರು ದಿನ ನಿಲ್ತದೆ ಅಂದೆ. ಲೆಕ್ಕ ಹಾಕೇ ಹೇಳಿದ್ದು. ಗೌರಿ ಹಬ್ಬದ ಹೊತ್ತಿಗೆ ಯಾವತ್ತೂ ಮೋಡ ಕವ್ಕಂಡಿರ್ತದೆ, ಸೋನೆ ಹಿಡ್ದಿರ್ತದೆ, ಕಂಬಳಿ ಹೊದ್ಕಂಡು ಹಬ್ಬ ಮಾಡಿರೋದೇ ನಂಗೆ ನೆಪ್ಪಿರೋದು. ಸುತ್ತ ಹೊಟ್ಟು ತುಂಬಿ, ಹಗಲೆಲ್ಲಾ ಗೋಣಿಚೀಲ ಹೊಚ್ಚಿ, ಲೈಟು ದೂರ ಇಟ್ಟು, ದಿನಾ ಒಂದೆರಡು ಗಡ್ಡೆ ಸೇರ್ಸ್ಕಂಡ್ರೆ ಮೂರು ದಿನಕ್ಕೆ ಏನೂ ಆಗ್ತಿರ್ಲಿಲ್ಲ. ನನ್ನ ಲೆಕ್ಕದಲ್ಲಿ ಸೋನೆ ಮಳೆ ಇತ್ತು. ಮೇಲ್ಗಡೆ ಇರ್ಲಿಲ್ಲ.

ಆ ವರ್ಷ ಹಬ್ಬದ ದಿನ ಬೆಳಿಗ್ಗೆ ಎಂಟಕ್ಕೇ ಬಿಸ್ಲು ಬೆನ್ನು ಸುಡ್ತಿತ್ತು. ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ಎರಡು ಟ್ರಿಪ್ಪಲ್ಲಿ ಗಡ್ಡೆ ತಂದು ಜೋಡ್ಸ್ದೆ. ಪುರೋಹಿತ್ರು ಬಂದು ಪ್ರಾಣ ಪ್ರತಿಷ್ಠೆ ಮಾಡುದ್ರು. ಈ ಪುರೋಹಿತ್ರು ಮೇಷ್ಟ್ರ ದೊಡ್ಡಪ್ಪನ ಮಗನೇ, ವಯಸ್ಸಲ್ಲಿ ಚಿಕ್ಕೋರು. ಹಲಗೆ ಕೆಳಗಿನ ಐಸಿಂದ ಹೊಗೆ ಬರ್ತಿತ್ತು. ನೋಡಕ್ಕೆ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ಪಕ್ಕದ ಬೀದಿಯೋರು ಈ ಸಲಾನೂ ಜಲಪಾತಾನೇ ಮಾಡಿದ್ರು, ಅದ್ರ ಹತ್ರ ಕಾಗೆ ಸೈತ ಇರ್ಲಿಲ್ಲ. ಮೇಷ್ಟ್ರು ಬೋರ್ಡ್ ಪಕ್ಕ ನಿಂತು ಬಂದೋರಿಗೆಲ್ಲ ಹೇಳ್ತಿದ್ರು. ಒಬ್ಬಮ್ಮ ಎಲ್ಲಾ ಕೇಳುಸ್ಕಂಡು, ಅಲ್ಲಿ ದೇವಸ್ಥಾನ ಐತಾ ಸ್ವಾಮಿ ಅಂದ್ರು. ಇಲ್ಲಮ್ಮ ಅಂದ್ರು ಮೇಷ್ಟ್ರು. ಮತ್ಯಾಕೆ ಯೋಚ್ನೆ ಮಾಡ್ತೀರಿ ಅಂದ್ಬುಟ್ಟು ಮಂಗಳಾರತಿ ತಗಂಡು ಓದ್ರು.

ಸಾಯಂಕಾಲ ನಾನು ಹಾಸನಕ್ಕೆ ಓಗ್ಲೇಬೇಕಿತ್ತು, ಫ್ಯಾಕ್ಟ್ರೀಲಿ ಡ್ಯೂಟಿ. ಓಗೋ ಮುಂಚೆ ಸಂಘದ ಹುಡುಗ್ರಿಗೆಲ್ಲ ಹೇಳಿ ಓದೆ. ಗೋಣಿ ತೆಗೀಬೇಡಿ, ಲೈಟು ಹತ್ರ ತರ್ಬೇಡಿ, ಏನಾರ ಆದ್ರೆ ಹೊಟ್ಟು ತುಂಬಿ ಅಂತ. ಎಲ್ರೂ ತಲೆ ಆಡಿಸುದ್ರು. ತಲೆ ಆಡ್ಸೋಕೆ ಏನು ಕಷ್ಟ.

ಮಾರನೇ ದಿನ ನಾಲ್ಕು ಗಡ್ಡೆ ಹಾಕ್ಕಂಡು ಬಂದಾಗ ಹೊತ್ತು ಏರಿತ್ತು. ಪೆಂಡಾಲ್ ಮುಂದೆ ರಸ್ತೇಲಿ ನೀರು ಹರೀತಿತ್ತು. ಒಳಗೆ ನೋಡ್ತೀನಿ, ಗೋಣಿ ಒಂದೂ ಇಲ್ಲ. ಐಸ್ ಕಾಣಲ್ಲ ಅಂತ ತೆಗ್ದಿದ್ರು. ಎರಡು ದೊಡ್ಡ ಫೋಕಸ್ ಲೈಟು ಐಸಿಗೆ ಮೂರಡಿ ದೂರದಲ್ಲಿ ಹಚ್ಚಿಟ್ಟು, ಬೆಳಗಾದ್ರೂ ಆರ್ಸಿರ್ಲಿಲ್ಲ. ಗಣಪತಿ ಎಡಕ್ಕೆ ವಾಲಿದ್ದ. ಯಾರೋ ಪಕ್ಕದಲ್ಲಿ ಗುಟ್ಟು ಹೇಳ್ತಿದ್ರೆ ಕೇಳುಸ್ಕಳಕ್ಕೆ ಬಗ್ಗಿದಂಗಿದ್ದ. ಹಲಗೆ ಮೇಲೆಲ್ಲ ಕೆಸ್ರು. ಮಣ್ಣಿನ ಮೂರ್ತಿ ತಾನೇ, ಮೊದ್ಲು ಓಗಿದ್ದು ಇಲಿ. ಕಿವಿ ಇಲ್ಲ, ಬಾಲ ಇಲ್ಲ, ಒಂದು ಉಂಡೆ ಆಗಿತ್ತು ಅದು.

ಇದು ಬರೀ ಲೈಟಿಂದ ಆಗಿದ್ದಲ್ಲ ಅಂತ ನೋಡಿದ ತಕ್ಷಣ ಗೊತ್ತಾಯ್ತು. ಗಡ್ಡೆ ಎಲ್ಲಾ ಗೆದ್ದಲು ತಿಂದಂಗೆ ತೂತು ಬಿದ್ದಿತ್ತು. ಬೆರಳು ಅದ್ದಿ ನೆಕ್ಕಿ ನೋಡ್ದೆ. ಉಪ್ಪು.

ಯಾವನ್ಲಾ ಉಪ್ಪು ಹಾಕಿದ್ದು ಅಂದೆ.

“ನೀನೇ ಹೇಳಿದ್ದಲ್ವೇನ್ಲಾ,” ಅಂದ ಅಧ್ಯಕ್ಷ. “ಫ್ಯಾಕ್ಟ್ರೀಲಿ ಉಪ್ಪುನೀರಿಂದ್ಲೇ ಐಸ್ ಕಟ್ಟೋದು ಅಂತ. ಬೆಳಿಗ್ಗೆ ವಸಿ ಕರಗ್ತಿತ್ತು. ಒಂದು ಮೂಟೆ ಕಲ್ಲುಪ್ಪು ತರ್ಸಿ ಹೊಡ್ದೋ.”

“ಒಂದು ಮೂಟೆನಾ?”

“ದೇವ್ರ ಕೆಲ್ಸ, ಜಿಪುಣತನ ಮಾಡ್ಬಾರ್ದು.”

ಉಪ್ಪುನೀರು ಇರೋದು ಡಬ್ಬದ ಹೊರಗೆ ಕಣ್ಲಾ, ಒಳಗಿರೋ ನೀರು ಗಟ್ಟಿ ಆಗ್ಲಿ ಅಂತ, ಐಸ್ ಮೇಲೇ ಸುರುದ್ರೆ ಅದು ಐಸ್ನ ತಿಂದಾಕ್ತದೆ ಅಂತ ಬುಡಿಸಿ ಹೇಳ್ದೆ. ಅವ್ನು ಇದ್ನ ಮೊದ್ಲೇ ಹೇಳ್ಬೇಕಿತ್ತು ಅಂದ. ಮಣ್ಣಿನ ಗಣಪತೀನ ಐಸ್ ಮೇಲೆ ಕೂರ್ಸಿ ಉಪ್ಪು ಹಾಕ್ತೀಯ ಅಂತ ನಂಗೇನು ಕನಸು ಬಿದ್ದಿತ್ತಾ.

ಮಾಡೋದು ಸುಲಭ ಇತ್ತು. ನಾಲ್ಕು ಜನ ಹಲಗೆ ಸಮೇತ ಮೂರ್ತಿ ಎತ್ತೋದು, ಮೇಜಿನ ಮೇಲೆ ಇಡೋದು, ಐಸ್ ಹೊರಗೆ ಎಸೆಯೋದು. ಎರಡು ನಿಮಿಷದ ಕೆಲ್ಸ. ಕೈ ಹಾಕಕ್ಕೆ ಓದೆ. ಪುರೋಹಿತ್ರು ಓಡಿ ಬಂದು ಅಡ್ಡ ನಿಂತ್ಕಂಡ್ರು.

ಆಗ್ಲೇ ನಂಗೆ ಈ ವಿಷ್ಯ ಗೊತ್ತಾಗಿದ್ದು. ಪ್ರಾಣ ಪ್ರತಿಷ್ಠೆ ಆದ್ಮೇಲೆ ಗಣಪತೀನ ಕೂತ ಜಾಗದಿಂದ ಅಲ್ಲಾಡಿಸಂಗಿಲ್ಲ. ಕಡೇ ದಿನ ಉತ್ತರ ಪೂಜೆ ಮಾಡಿ, ಆಮೇಲೆ ಮೂರ್ತೀನ ಒಂದ್ಚೂರು ಸರುಸ್ತಾರೆ, ಅದುಕ್ಕೆ ಕದಲಿಸೋದು ಅಂತಾರೆ. ಕದಲಿಸಿದ್ರು ಅಂದ್ರೆ ದೇವ್ರು ಹೊಂಟ ಅಂತ ಲೆಕ್ಕ. ಆಮೇಲೆ ಹೊಳೇಗೆ ಬಿಡೋದು ಒಂದೇ ಬಾಕಿ. ಅದ್ರಿಂದ ಉತ್ತರ ಪೂಜೆ ಇಲ್ದೆ ಎತ್ತಂಗಿಲ್ಲ, ಉತ್ತರ ಪೂಜೆ ಮಾಡಿದ್ರೆ ಹಬ್ಬ ಮುಗೀತು. ಹಬ್ಬ ಮುಗಿಯಂಗಿಲ್ಲ, ಯಾಕಂದ್ರೆ ನಾಳೆ ಸಾಯಂಕಾಲಕ್ಕೆ ಹಾಸನದಿಂದ ಆರ್ಕೆಸ್ಟ್ರಾ ಬರೋದಿತ್ತು. ಅಧ್ಯಕ್ಷ ಊರು ತುಂಬ ಪೋಸ್ಟ್ರು ಹಚ್ಚಿದ್ದ. ಪೋಸ್ಟ್ರಲ್ಲಿ ಗಣಪತಿಗಿಂತ ಅವ್ನ ಫೋಟೋ ದೊಡ್ಡದಾಗಿತ್ತು.

ತಂದಿದ್ದ ನಾಲ್ಕು ಗಡ್ಡೇನೂ ಎಡಗಡೆ ತುರುಕಿದೊ. ಎಡಗಡೆ ನಿಂತ್ಕತು, ಬಲಗಡೆ ಇಳೀತು. ಲಾರಿ ಜಾಕ್ ತಂದು ಕೆಳಗಿಂದ ಎತ್ತಾನ ಅಂದ ಒಬ್ಬ. ಪುರೋಹಿತ್ರು ಅದೂ ಕದಲಿಸಿದಂಗೇ ಆಗತ್ತೆ ಅಂದ್ರು. ಬಿದಿರು ಕೊಟ್ಟು ನಿಲ್ಸಿದ್ರೆ ಅಂದ್ರೆ, ಮುಟ್ಟದಂಗೆ ನಿಲ್ಸಿ ಅಂದ್ರು. ಮುಟ್ಟದಂಗೆ ನಿಲ್ಸೋ ಬಿದಿರು ನಂಗೆ ಎಲ್ಲೂ ಸಿಕ್ಲಿಲ್ಲ.

ಇನ್ನಷ್ಟು ಐಸಿಗೆ ಫ್ಯಾಕ್ಟ್ರಿಗೆ ಫೋನ್ ಮಾಡ್ದೆ. ಅಲ್ಲಿ ಕರೆಂಟ್ ಓಗಿ ಮೂರು ಗಂಟೆ ಆಗಿತ್ತು. ಮಳೆ ಇಲ್ಲ, ಡ್ಯಾಮಲ್ಲಿ ನೀರಿಲ್ಲ, ನೀರಿಲ್ಲ ಅಂತ ಕರೆಂಟಿಲ್ಲ, ಕರೆಂಟಿಲ್ಲ ಅಂತ ಐಸಿಲ್ಲ.

ಅಷ್ಟೊತ್ತಿಗೆ ಜನ ಸೇರಿದ್ರು. ಮೊದ್ಲು ಉಪ್ಪಿನ ಮಾತು ಆಡ್ತಿದ್ರು, ಆಮೇಲೆ ಮೆಲ್ಲಗೆ ಬೋರ್ಡಿನ ಕಡೆ ತಿರುಗುದ್ರು. ಕರಗುತ್ತಿದೆ ಅಂತ ಬರ್ದು ದೇವ್ರ ಮುಂದೆ ಇಟ್ರೆ ಇನ್ನೇನಾಯ್ತದೆ ಅಂತ ಶುರುವಾಯ್ತು. ಹಬ್ಬದ ದಿನ ಇಂಥ ಅಪಶಕುನದ ಮಾತು ಬರೆಯೋರು ಯಾರು, ಬರ್ದೋನು ದೇವಸ್ಥಾನದ ಮನೆ ಮಗ ಬೇರೆ ಅಂದ್ರು. ಮೇಷ್ಟ್ರು ಅಲ್ಲೇ ನಿಂತಿದ್ರು. ಮುಖ ಬಿಳಿಚ್ಕಂಡಿತ್ತು. ಪ್ರತಿಷ್ಠೆ ಆಗಿರೋ ಮೂರ್ತಿ ನಾಲ್ಕು ಜನರ ಮುಂದೆ ಬಿದ್ದು ಒಡ್ದೋದ್ರೆ ಊರು ಅವ್ರನ್ನ ಬಾಳಿಸ್ತಿರ್ಲಿಲ್ಲ. ಊರು ಇರ್ಲಿ, ಅವ್ರ ಮನೆಯೋರೇ ಬಾಗಿಲಿಗೆ ಸೇರುಸ್ತಿರ್ಲಿಲ್ಲ. ಅದ್ರ ಮೇಲೆ ಅವ್ರಿಗೇ ಭಯ ಇತ್ತು. ಗ್ಲೋಬ್ ತಿರುಗ್ಸಿ ಪಾಠ ಹೇಳೋ ಮನ್ಸ, ಗಣಪತಿ ಕಡೆ ನೋಡಿ ಕೆನ್ನೆ ಕೆನ್ನೆ ಬಡ್ಕಂತಿದ್ರು. ನಾನು ಕಣ್ಣಾರೆ ನೋಡಿದ್ದು.

ನನ್ನ ಪಕ್ಕಕ್ಕೆ ಕರುದ್ರು. “ನಿಜ ಹೇಳು. ನಾಳೆತನಕ ನಿಲ್ಲತ್ತಾ?”

“ಇವತ್ತು ಬಿಸ್ಲು ಇಳಿಯೋಗಂಟ ನಿಂತ್ರೆ ಹೆಚ್ಚು ಸಾ.”

“ಖಂಡಿತಾನಾ?”

“ಅವತ್ತು ಮೂರು ದಿನ ಖಂಡಿತ ಅಂದೆ, ಇಂಗಾಯ್ತು. ಇವತ್ತು ನೀವೇ ನೋಡ್ತಾ ಇದೀರಲ್ಲ.”

ಮೇಷ್ಟ್ರು ಮನೆ ಕಡೆ ನಡುದ್ರು. ಓಡೋದ್ರು ಅಂತ ಜನ ನಕ್ಕರು. ನಂಗೂ ಅಂಗೇ ಅನ್ನುಸ್ತು. ಅರ್ಧ ಗಂಟೆ ಆದ್ಮೇಲೆ ವಾಪಸ್ ಬಂದ್ರು. ಪ್ಯಾಂಟು ಇಲ್ಲ, ಶರ್ಟು ಇಲ್ಲ. ಸ್ನಾನ ಮಾಡಿ, ಮಡಿ ಪಂಚೆ ಉಟ್ಕಂಡು, ಕೈಯಲ್ಲಿ ಪಂಚಪಾತ್ರೆ ಉದ್ಧರಣೆ ಹಿಡ್ಕಂಡು ಬಂದ್ರು. ಅವ್ರನ್ನ ಆ ವೇಷದಲ್ಲಿ ನಾನು ಯಾವತ್ತೂ ನೋಡಿರ್ಲಿಲ್ಲ, ಹೊಟ್ಟೆ ಇದೆ ಅಂತಾನೇ ಗೊತ್ತಿರ್ಲಿಲ್ಲ.

ಉತ್ತರ ಪೂಜೆ ಈಗ್ಲೇ ಮಾಡಣ ಅಂದ್ರು ಪುರೋಹಿತ್ರಿಗೆ. ಪುರೋಹಿತ್ರು ಅಧ್ಯಕ್ಷನ ಮುಖ ನೋಡುದ್ರು. ಅಧ್ಯಕ್ಷ, ಮೇಷ್ಟ್ರೇ ಆಗಲ್ಲ, ಆರ್ಕೆಸ್ಟ್ರಾ ಐತೆ, ಮೆರವಣಿಗೆ ಐತೆ, ನಾಳೆವರ್ಗೂ ದೇವ್ರೇ ನೋಡ್ಕತಾನೆ ಅಂದ. ಪುರೋಹಿತ್ರೂ ಅದ್ನೇ ಹಿಡ್ಕಂಡ್ರು. ಮೂರು ದಿನ ಅಂತ ಸಂಕಲ್ಪ ಆಗಿದೆ, ನಡುವೆ ನಾವಾಗಿ ಕದಲಿಸೋ ಹಾಗಿಲ್ಲ ಅಣ್ಣಾ ಅಂದ್ರು.

ಮೇಷ್ಟ್ರು ಗಣಪತಿ ಕಡೆ ಕೈ ತೋರ್ಸುದ್ರು. ಆಗ ಎಡಕ್ಕೆ ವಾಲಿದ್ದ ಮೂರ್ತಿ ಈಗ ಬಲಕ್ಕೂ ಮುಂದಕ್ಕೂ ಬಗ್ಗಿತ್ತು.

“ಕದಲಿಸೋದು ಇನ್ನೇನು ಉಳಿದಿದೆಯೋ? ನಿನ್ನೆ ಬೆಳಿಗ್ಗೆ ಕೂರಿಸಿದ ಜಾಗದಲ್ಲಿ ಇದ್ದಾನೇನೋ ಅವನು? ಅವನು ಆಗ್ಲೇ ಹೊರಟಾಗಿದೆ. ನಾವು ಆರ್ಕೆಸ್ಟ್ರಾಗೆ ಅಂತ ಹಿಡಿದು ಕೂರಿಸಿಕೊಂಡಿದೀವಿ.”

ಪುರೋಹಿತ್ರು ಕೈಲಿದ್ದ ಪೂಜೆ ಪುಸ್ತಕ ತಿರುವಿ ಹಾಕುದ್ರು. ದೇವ್ರು ತಾನಾಗೇ ಕದಲಿದ್ರೆ ಏನು ಮಾಡ್ಬೇಕು ಅಂತ ಅವ್ರ ಪುಸ್ತಕದಾಗೆ ಇರ್ಲಿಲ್ಲ ಅಂತ ಕಾಣ್ತದೆ. ನೀನು ಮಾಡ್ತೀಯೋ ನಾನೇ ಮಾಡ್ಲೋ ಅಂದ್ರು ಮೇಷ್ಟ್ರು. ಪುರೋಹಿತ್ರು ಹಿಂದಕ್ಕೆ ಸರುದ್ರು, ಪಾಪ ಇದ್ರೆ ನಿನಗಿರ್ಲಿ ಅಣ್ಣಾ ಅಂತ ಎಲ್ರಿಗೂ ಕೇಳಂಗೇ ಹೇಳುದ್ರು. ಮೇಷ್ಟ್ರು ಆಗ್ಲಿ ಅಂದ್ರು.

ಐಸ್ ಹರಳು, ಕೆಸ್ರು, ಕಲ್ಲುಪ್ಪು, ಅದ್ರ ಮಧ್ಯ ನಿಂತ್ಕಂಡು ಮಂತ್ರ ಹೇಳುದ್ರು. ಎಲ್ಲೂ ತೊದಲ್ಲಿಲ್ಲ. ಮಂಗಳಾರತಿ ಎತ್ತುದ್ರು, ಅಕ್ಷತೆ ಹಾಕುದ್ರು. ಆಮೇಲೆ ನನ್ನ ಕಡೆ ನೋಡಿ ತಲೆ ಆಡ್ಸುದ್ರು. ನಾನು, ಇನ್ನು ಮೂರು ಜನ ಹಲಗೆಗೆ ಕೈ ಹಾಕಿ ಎತ್ತಿದೊ. ಸಂಘದ ಹುಡುಗ್ರು ಅಧ್ಯಕ್ಷನ ಮುಖ ನೋಡ್ಕಂಡು ಕೈ ಕಟ್ಕಂಡು ನಿಂತಿದ್ರು. ಆ ಮೂರು ಜನ ಯಾರೋ, ಪ್ರಸಾದ ತಿನ್ನಕ್ಕೆ ಬಂದಿದ್ದೋರು. ಬ್ಯಾಂಡಿಲ್ಲ, ಪಟಾಕಿ ಇಲ್ಲ, ನನ್ನ ಐಸ್ ಆಟೋದಲ್ಲೇ ಹೊಟ್ಟಿನ ಮೇಲೆ ಗಣಪತಿ. ಹೇಮಾವತೀಲೂ ನೀರು ಮೊಣಕಾಲುದ್ದ ಇತ್ತು. ನಡ್ಕಂಡು ಬಲು ದೂರ ಓಗಿ ಮುಳುಗಿಸ್ಬೇಕಾಯ್ತು. ಮೇಷ್ಟ್ರೂ ಪಂಚೆ ಎತ್ಕಟ್ಟಿ ನೀರಿಗಿಳುದ್ರು. ಇಲೀನೂ ಬಿಟ್ಟೊ, ಉಂಡೆ ಥರಾನೇ.

ವಾಪಸ್ ಬರೋ ಹೊತ್ತಿಗೆ ಊರಿನ ತೀರ್ಮಾನ ಆಗೋಗಿತ್ತು. ಗಣಪತಿ ನಾಳೆಗಂಟ ಸಲೀಸಾಗಿ ನಿಲ್ತಿದ್ದ, ಧ್ರುವದ ಮೇಷ್ಟ್ರು ಹೆದ್ರಿ ದೇವ್ರನ್ನ ಒಂದು ದಿನ ಮೊದ್ಲೇ ಕಳ್ಸಿಬುಟ್ರು ಅಂತ. ಅಧ್ಯಕ್ಷ ಎಲ್ರಿಗೂ ಅದ್ನೇ ಹೇಳ್ತಿದ್ದ. ನೋಡ್ರೋ, ಐಸು ಇನ್ನೂ ನಿಂತೇ ಐತೆ ಅಂತ ಕೈ ತೋರ್ಸ್ತಿದ್ದ. ನಿಂತಿತ್ತು, ಹೌದು. ಮೇಲಿನ ಭಾರ ತೆಗುದ್ರೆ ನಿಲ್ದೆ ಏನು. ಮೇಷ್ಟ್ರಿಗೆ ಯಾರೂ ಬೈಲಿಲ್ಲ, ಬೈದಿದ್ರೆ ವಾಸಿ ಇತ್ತು. ಎಲ್ರೂ ದಾರಿ ಬಿಟ್ಟು ಸರುದ್ರು. ಅವ್ರು ಒದ್ದೆ ಪಂಚೇಲೇ ನಿಂತಿದ್ರು. ನಾನು ಅವಸರ ಮಾಡಿಬಿಟ್ನೇನಯ್ಯಾ ಅಂದ್ರು. ಎರಡು ಸಲ ಅದ್ನೇ ಕೇಳುದ್ರು.

ಬಾಯಲ್ಲಿ ಹೇಳಿ ಪ್ರಯೋಜನ ಇರ್ಲಿಲ್ಲ, ನನ್ನ ಮಾತು ಒಂದ್ಸಲ ಸುಳ್ಳಾಗಿತ್ತು. ಎದುರುಗಡೆ ಮಂಡಿ ಮುಂದೆ ಆಲೂಗೆಡ್ಡೆ ಮೂಟೆ ಜೋಡ್ಸಿದ್ರು. ಮೂರ್ತಿ ಎತ್ತಿದ ಕೈಗೆ ತೂಕ ಗೊತ್ತಿರ್ತದೆ, ಎರಡು ಮೂಟೆ ಸರಿ ಓಗ್ತದೆ ಅನ್ನುಸ್ತು. ಮಂಡಿಯೋನ್ನ ಕೇಳಿ ಎರಡು ಮೂಟೆ ಹೊತ್ಕಂಡ್ ಬಂದು, ಆಟೋದಲ್ಲಿ ವಾಪಸ್ ತಂದಿದ್ದ ಅದೇ ಹಲಗೆ ಹಾಕಿ, ಅದೇ ಜಾಗದಲ್ಲಿ ಕೂರ್ಸ್ದೆ. ಏನ್ಲಾ ಇದು ಅಂದ ಅಧ್ಯಕ್ಷ. ದೇವ್ರು ನಾಳೆಗಂಟ ನಿಲ್ತಿದ್ದ ಅಂದ್ಯಲ್ಲ, ಇದು ಎಷ್ಟೊತ್ತು ನಿಲ್ತದೋ ನೋಡಾನ ಅಂದೆ. ಕುರ್ಚಿ ಎಳ್ಕಂಡು ಕೂತೆ. ಆಲೂಗೆಡ್ಡೆ ಗಣಪತಿಗೆ ಜೈ ಅಂತ ಹುಡುಗ್ರು ರೇಗ್ಸುದ್ರು. ಜನ ಜಲಪಾತ ಬಿಟ್ಟು ಮತ್ತೆ ಈ ಕಡೆ ಬಂದ್ರು. ಹಿಂದಿನ ದಿನ ಬಂದಿದ್ದ ಅಮ್ಮ ಒಂದು ದಾಸವಾಳ ತಂದು ಮೂಟೆ ಮೇಲಿಟ್ಟು ಕೈ ಮುಗುದ್ರು. ಯಾರೂ ಬೇಡ ಅನ್ಲಿಲ್ಲ.

ಜಾಸ್ತಿ ಕಾಯಿಸ್ಲಿಲ್ಲ. ಬಿಸ್ಲು ಇನ್ನೂ ಚೆನ್ನಾಗೇ ಇತ್ತು. ಕೆಳಗಿನ ಗಡ್ಡೆ ಟಪ್ ಅಂತ ಸೀಳ್ತು, ಹಲಗೆ ಮುಂದಕ್ಕೆ ಬಗ್ತು, ಎರಡು ಮೂಟೇನೂ ತಲೆಕೆಳಗಾಗಿ ನೆಲಕ್ಕೆ ಬಿದ್ವು. ಒಂದು ಬಿರಿದು ಆಲೂಗೆಡ್ಡೆ ರಸ್ತೆಗಂಟ ಉರುಳ್ತು. ಗಣಪತಿ ಇದ್ದಿದ್ರೆ ಸೊಂಡಿಲು ಒಂದು ಕಡೆ ಹೊಟ್ಟೆ ಒಂದು ಕಡೆ ಆಗಿರೋದು. ಪುರೋಹಿತ್ರು ಕಣ್ಣು ಮುಚ್ಕಂಡು ಏನೋ ಹೇಳ್ಕಂಡ್ರು.

ನಾನು ಅಧ್ಯಕ್ಷನ ಮುಖ ನೋಡ್ದೆ. ಈಗೇನಂತೀಯ ಅಂದೆ.

“ಆಲೂಗೆಡ್ಡೆ ಬೇರೆ, ದೇವ್ರು ಬೇರೆ ಕಣ್ಲಾ,” ಅಂದ. “ದೇವ್ರಾಗಿದ್ರೆ ನಿಲ್ತಿತ್ತು.”

ಜನರಲ್ಲಿ ಅರ್ಧಕ್ಕರ್ಧ ತಲೆ ಆಡ್ಸುದ್ರು. ಇವತ್ತಿಗೂ ಊರಲ್ಲಿ ಅದ್ನೇ ಹೇಳೋದು. ಹೆಂಗಸ್ರು ಉರುಳಿದ್ ಗೆಡ್ಡೆ ಆರುಸ್ಕಂಡು ಪ್ರಸಾದ ಅಂತ ಸೆರಗಿಗೆ ಹಾಕ್ಕಂಡ್ರು. ಮಂಡಿಯೋನು ಬಡ್ಕಂಡ.

ಮೇಷ್ಟ್ರು ಮಾತ್ರ ಅಧ್ಯಕ್ಷಂದೂ ಕೇಳ್ಲಿಲ್ಲ, ಜನರದ್ದೂ ಕೇಳ್ಲಿಲ್ಲ. ಒಡ್ದ ಐಸ್ ಹತ್ರ ಬಗ್ಗಿ ನೋಡುದ್ರು, ಮೂಟೆ ಬಿದ್ದ ಜಾಗ ನೋಡುದ್ರು. ಗಂಟೆ ಎಷ್ಟು ಅಂದ್ರು. ನಾಲ್ಕಾಗಕ್ಕೆ ಇನ್ನೂ ಐತೆ ಸಾ ಅಂದೆ. ನಾಲ್ಕೂ ಆಗ್ಲಿಲ್ಲ ಅಂದ್ರು. ಅವಸರ ಮಾಡಿಬಿಟ್ನೇನಯ್ಯಾ ಅಂತ ಮತ್ತೆ ಕೇಳ್ಲಿಲ್ಲ.

ಹಸಿವಾಗ್ತಿದೆ ಕಣಯ್ಯಾ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂದ್ರು. ಆಟೋದಲ್ಲಿ ಕೂರ್ಸ್ಕಂಡು ಬಸ್ ಸ್ಟ್ಯಾಂಡ್ ಹೋಟ್ಲಿಗೆ ಕರ್ಕಂಡೋದೆ. ಒದ್ದೆ ಪಂಚೇಲೇ ಕೂತು ನಾಲ್ಕು ಇಡ್ಲಿ ತಿಂದ್ರು, ಮತ್ತೆರಡು ಹಾಕ್ಸ್ಕಂಡ್ರು.